ಚಿತ್ರದ ಅಂಚಿನಲ್ಲಿ ನಿಂತವರು

"ಅಮ್ಮಾ, ಈ ಆಂಟಿ ಮನೇಲೂ ಮಗಳು ಇದ್ದಾಳಾ?"

ಮಗಳಿಗೆ ಆಗ ಆರು ವರ್ಷ. ರಾತ್ರಿ ಮಲಗಿಸುವ ಮುಂಚೆ ರೂಬಿ ಬ್ರಿಡ್ಜಸ್ ಕಥೆ ಓದಿ ಹೇಳುತ್ತಿದ್ದೆ. ಪುಟದ ನಡುವೆ ಬ್ಯಾಗು ಹಿಡಿದ ಪುಟ್ಟ ಕಪ್ಪು ಹುಡುಗಿ, ಶಾಲೆಯ ಮೆಟ್ಟಿಲ ಕಡೆ ನಡೆಯುತ್ತಿದ್ದಾಳೆ. ನಾನು ಓದುತ್ತಿದ್ದದ್ದು ಅವಳ ಬಗ್ಗೆ. ಮಗಳ ಬೆರಳು ಇದ್ದದ್ದು ಪುಟದ ಮೂಲೆಯಲ್ಲಿ, ಬಾಯಿ ಅಗಲಿಸಿ ಕೂಗುತ್ತಿದ್ದ ಒಬ್ಬ ಹೆಂಗಸಿನ ಮೇಲೆ. ಆ ಹೆಂಗಸನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಇರಬಹುದು ಪುಟ್ಟಿ, ಅಂದೆ. "ಹಾಗಾದ್ರೆ ಅವಳೆಲ್ಲಿ?" ಅಂದಳು. ಆ ಪ್ರಶ್ನೆಗೆ ಉತ್ತರ ನಿಜವಾಗಿ ಇತಿಹಾಸದಲ್ಲಿದೆ. ಅವಳನ್ನು ಅವರಮ್ಮ ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ್ದಾಳೆ.

1960ರ ನವೆಂಬರ್ 14. ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ಊರು, ವಿಲಿಯಂ ಫ್ರಾಂಟ್ಜ್ ಪ್ರಾಥಮಿಕ ಶಾಲೆ. ಕಪ್ಪು ಮಕ್ಕಳು, ಬಿಳಿ ಮಕ್ಕಳು ಬೇರೆ ಬೇರೆ ಶಾಲೆಯಲ್ಲಿ ಓದಬೇಕು ಅನ್ನುವ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲೇ ಹೇಳಿತ್ತು. ರೂಬಿ ಹುಟ್ಟಿದ್ದೂ ಅದೇ ವರ್ಷ. ಕೋರ್ಟಿನ ಮಾತು ಆ ಶಾಲೆಯ ಬಾಗಿಲು ತಲುಪುವ ಹೊತ್ತಿಗೆ ಮಗು ಒಂದನೇ ಕ್ಲಾಸಿಗೆ ಬಂದಿತ್ತು. ಕೇಂದ್ರ ಸರ್ಕಾರ ಕಳಿಸಿದ್ದ ನಾಲ್ವರು ಫೆಡರಲ್ ಮಾರ್ಷಲ್‌ಗಳು ಹಿಂದೆ ಮುಂದೆ ನಿಂತು ಅವಳನ್ನು ಕರೆದುಕೊಂಡು ಹೋದರು. ಅಷ್ಟೊಂದು ಜನ, ಅಷ್ಟೊಂದು ಕೂಗಾಟ ನೋಡಿ ರೂಬಿ ಅದು ಮಾರ್ಡಿ ಗ್ರಾ ಹಬ್ಬ ಅಂದುಕೊಂಡಳಂತೆ. ಅದು ಅವರೂರಿನ ದೊಡ್ಡ ಜಾತ್ರೆ. ದೊಡ್ಡವಳಾದ ಮೇಲೆ ಅವರೇ ಹೇಳಿಕೊಂಡಿದ್ದಾರೆ. ಜಾತ್ರೆ ಅಂದುಕೊಂಡು ನಡೆದ ಮಗು! ಇದನ್ನು ಮೊದಲ ಸಲ ಓದಿದಾಗ ನನಗೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಅನ್ನಿಸಿತು.

ಅವಳು ಒಳಗೆ ಹೋದ ಮೇಲೆ ಬಿಳಿಯ ಅಪ್ಪ ಅಮ್ಮಂದಿರು ಬಂದು ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ರೂಬಿಗೆ ಪಾಠ ಹೇಳಲು ಅಲ್ಲಿನ ಟೀಚರುಗಳು ಒಪ್ಪಲಿಲ್ಲ. ಒಪ್ಪಿದವರು ಒಬ್ಬರೇ, ಬಾಸ್ಟನ್ನಿನಿಂದ ಬಂದಿದ್ದ ಬಾರ್ಬರಾ ಹೆನ್ರಿ. ಖಾಲಿ ಕ್ಲಾಸು, ಒಬ್ಬರು ಟೀಚರು, ಒಂದು ಮಗು. ಇಡೀ ವರ್ಷ ಹೀಗೇ ನಡೆಯಿತು. ರೂಬಿಯ ಅಪ್ಪನ ಕೆಲಸ ಹೋಯಿತು. ಪಕ್ಕದ ಮಿಸಿಸಿಪ್ಪಿಯಲ್ಲಿ ಬೇರೆಯವರ ಜಮೀನು ಗೇಯ್ದುಕೊಂಡಿದ್ದ ಅಜ್ಜ ಅಜ್ಜಿಯನ್ನು ಅಲ್ಲಿಂದ ಎಬ್ಬಿಸಿದರು.

ಇಷ್ಟನ್ನೂ ಆರು ವರ್ಷದ ಮಗಳಿಗೆ ಹೇಳಿದೆ. ಒಂದನ್ನು ಮಾತ್ರ ಹೇಳಲಿಲ್ಲ. ಆ ಗುಂಪಿನಲ್ಲಿ ಒಬ್ಬರು ಪುಟ್ಟ ಶವಪೆಟ್ಟಿಗೆಯೊಳಗೆ ಕಪ್ಪು ಗೊಂಬೆ ಮಲಗಿಸಿ ಹಿಡಿದುಕೊಂಡಿದ್ದರು. ರೂಬಿಗೆ ನಿಜವಾಗಿ ಹೆದರಿಕೆ ಆದದ್ದು ಅದನ್ನು ನೋಡಿ. ನನ್ನ ಮಗಳು ಗೊಂಬೆ ತಬ್ಬಿಕೊಂಡೇ ಮಲಗುವವಳು. ಅವಳಿಗೆ ಎಂಟು ತುಂಬಿದ ಮೇಲೆ ಹೇಳಿದೆ. ಯಾವುದನ್ನು ಯಾವಾಗ ಹೇಳಬೇಕು ಅಂತ ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಪಕ್ಕದಲ್ಲಿ ಮಲಗಿರುವ ಮಗುವಿನ ಮುಖ ನೋಡಿ ನಾವೇ ತೀರ್ಮಾನ ಮಾಡಬೇಕು. ಆದರೆ ಆಮೇಲೆ ಹೇಳುವುದು ಬೇರೆ, ಇಲ್ಲವೇ ಇಲ್ಲ ಅನ್ನುವುದು ಬೇರೆ.

ಅಮೆರಿಕಕ್ಕೆ ಬಂದ ಹೊಸದರಲ್ಲಿ ನನಗೂ ಇಲ್ಲಿನ ಇತಿಹಾಸ ಅಷ್ಟಕ್ಕಷ್ಟೇ. ಮಗಳ ಜೊತೆ ಲೈಬ್ರರಿಗೆ ಹೋಗಿ ಹೋಗಿ ಕಲಿತೆ. ಮಕ್ಕಳ ವಿಭಾಗದಲ್ಲಿ ಜೀವನಚರಿತ್ರೆಗೆ ಅಂತಲೇ ಒಂದು ಸಾಲು. ಲೇಖಕರ ಹೆಸರಿನ ಪ್ರಕಾರ ಅಲ್ಲ, ಯಾರ ಕಥೆಯೋ ಅವರ ಹೆಸರಿನ ಪ್ರಕಾರ ಜೋಡಿಸಿರುತ್ತಾರೆ. ಹಾಗಾಗಿ ಒಬ್ಬ ಲಿಂಕನ್ ಬಗ್ಗೆ ಹತ್ತು ಪುಸ್ತಕ ಒಟ್ಟಿಗೇ ಸಿಗುತ್ತವೆ, ಹತ್ತರಲ್ಲೂ ಹತ್ತು ಮುಖ. ಹೆಚ್ಚಿನವು 32 ಪುಟದವು. ಕಥೆ ಮುಗಿದ ಮೇಲೆ, ಕೊನೆಯ ಒಂದೆರಡು ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಲೇಖಕರ ಮಾತು ಇರುತ್ತದೆ. ಈಗ ನಾನು ಅದನ್ನೇ ಮೊದಲು ಓದುತ್ತೇನೆ. ಕಥೆಯಲ್ಲಿ ಹಿಡಿಸದೆ ಹೋದದ್ದು, ಹಿಡಿಸಲು ಮನಸ್ಸಾಗದೆ ಹೋದದ್ದು, ಎರಡೂ ಅಲ್ಲೇ ಬಂದು ಕೂತಿರುತ್ತವೆ.

ನಾವು ಚಿಕ್ಕವರಿದ್ದಾಗ ಓದಿದ್ದು ರಾಷ್ಟ್ರೋತ್ಥಾನದ ಭಾರತ ಭಾರತಿ ಪುಸ್ತಕಗಳನ್ನು. ಅಂಗೈಯಗಲದ ಪುಸ್ತಕ, ಮುಖಪುಟದ ತುಂಬ ಮಹನೀಯರ ಮುಖ. ಹಾಸನದ ನಮ್ಮ ಮನೆಯಲ್ಲಿ ಅಪ್ಪ ಅವನ್ನು ಬಿಸ್ಕತ್ತಿನ ಡಬ್ಬದಲ್ಲಿ ಜೋಡಿಸಿಟ್ಟಿದ್ದರು. ಒಂದು ಮಧ್ಯಾಹ್ನಕ್ಕೆ ಎರಡು ಮುಗಿಸುತ್ತಿದ್ದೆ. ಇವತ್ತಿಗೂ ಆ ಪುಸ್ತಕಗಳ ಮೇಲೆ ನನಗೆ ಪ್ರೀತಿ ಇದೆ. ಆದರೆ ಓದಿದಷ್ಟೂ ಮನಸ್ಸಿನಲ್ಲಿ ಉಳಿಯುತ್ತಿದ್ದದ್ದು ಮುಖಪುಟದ ಆ ಒಂದೇ ಮುಖ. ಅವರ ಸುತ್ತ ಯಾರಿದ್ದರು ಅಂತ ಕೇಳಬೇಕು ಅಂತ ನನಗೆ ಆಗ ಹೊಳೆದಿರಲಿಲ್ಲ.

ಅಪ್ಪ ಹೈಸ್ಕೂಲು ಮೇಷ್ಟ್ರು. ನಿವೃತ್ತರಾಗಿ ಬಹಳ ವರ್ಷ ಆಯಿತು. ಭಾನುವಾರ ಬೆಳಗ್ಗೆ ನಮ್ಮಿಂದ ವಿಡಿಯೋ ಕಾಲ್ ಹೋಗಬೇಕು, ಅವರು ರಾತ್ರಿ ಊಟ ಮುಗಿಸಿ ಕಾಯುತ್ತಿರುತ್ತಾರೆ. ಒಂದು ಭಾನುವಾರ ಮಗಳು ಲಿಂಕನ್ ಪುಸ್ತಕವನ್ನು ಫೋನಿಗೆ ಅಡ್ಡ ಹಿಡಿದಳು.

"ಓಹೋ, ಲಿಂಕನ್!" ಅಂದರು ಅಪ್ಪ. ಅಂದವರೇ ಕಣ್ಣು ಮುಚ್ಚಿ ಶುರು ಮಾಡಿಬಿಟ್ಟರು. ಲಿಂಕನ್ ತನ್ನ ಮಗನ ಮೇಷ್ಟ್ರಿಗೆ ಬರೆದ ಕಾಗದ. ಅವನಿಗೆ ಸೋಲುವುದನ್ನು ಕಲಿಸಿ ಅಂತೆಲ್ಲಾ ಹೋಗುತ್ತದಲ್ಲ, ಅದು. ನಮ್ಮಲ್ಲಿ ಅದು ಗೊತ್ತಿಲ್ಲದ ಶಾಲೆ ಇಲ್ಲ. ಅಪ್ಪನ ಶಾಲೆಯ ಸ್ಟಾಫ್ ರೂಮಿನಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದರು. ಶಿಕ್ಷಕರ ದಿನ ಬಂದರೆ ಈಗಲೂ ವಾಟ್ಸ್ಯಾಪ್‌ನಲ್ಲಿ ನಾಲ್ಕು ಗುಂಪಿನಿಂದ ಬರುತ್ತದೆ.

ಆ ಕಾಗದ ಲಿಂಕನ್ ಬರೆದದ್ದಲ್ಲ. ಅವರ ಬರಹಗಳನ್ನೆಲ್ಲ ಸೇರಿಸಿ ಪ್ರಕಟಿಸಿದ ಸಂಪುಟಗಳಲ್ಲಿ ಅದಿಲ್ಲ. ಮೂಲ ಪ್ರತಿ ಯಾರಿಗೂ ಸಿಕ್ಕಿಲ್ಲ. ಇದು ನನಗೆ ಗೊತ್ತಾಗಿ ಕೆಲವು ತಿಂಗಳಾಗಿತ್ತು. ಹೇಳಲೋ ಬೇಡವೋ ಅಂತ ಒದ್ದಾಡಿದೆ. ಅಪ್ಪ ಆ ಕಾಗದವನ್ನು ನಂಬಿ ಮೂವತ್ತು ವರ್ಷ ಪಾಠ ಮಾಡಿದ್ದಾರೆ. ಆದರೆ ಮೊಮ್ಮಗಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಾಳೆ. ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಹಾಗಾದ್ರೆ ಅವರು ನಿಜವಾಗಿ ಬರೆದ ಕಾಗದ ಯಾವುದಾದ್ರೂ ಇದ್ದರೆ ಓದು ಪುಟ್ಟಿ, ಕೇಳೋಣ" ಅಂದರು.

ಇತ್ತು. ಅವಳ ಕೈಲಿದ್ದ ಪುಸ್ತಕದಲ್ಲೇ ಇತ್ತು.

1860ರ ಅಕ್ಟೋಬರ್. ಲಿಂಕನ್ ಅಧ್ಯಕ್ಷ ಚುನಾವಣೆಗೆ ನಿಂತಿದ್ದಾರೆ. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್ ಅನ್ನುವ ಊರಿನ ಗ್ರೇಸ್ ಬೆಡೆಲ್, 11 ವರ್ಷದ ಹುಡುಗಿ, ಅವರಿಗೆ ಕಾಗದ ಬರೆಯುತ್ತಾಳೆ. ನಿಮ್ಮ ಮುಖ ತೀರಾ ಸೊರಗಿದೆ, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ, ಹೆಂಗಸರಿಗೆಲ್ಲ ಗಡ್ಡ ಇಷ್ಟ, ಅವರು ಗಂಡಂದಿರನ್ನು ಪೀಡಿಸಿ ನಿಮಗೇ ಓಟು ಹಾಕಿಸುತ್ತಾರೆ ಅಂತ. ನಿಮಗೆ ನನ್ನಷ್ಟು ದೊಡ್ಡ ಹೆಣ್ಣುಮಕ್ಕಳಿದ್ದಾರಾ ಅಂತಲೂ ಕೇಳಿದ್ದಳು. ನಾಲ್ಕೇ ದಿನಕ್ಕೆ ಲಿಂಕನ್ ಉತ್ತರ ಬರೆದರು. ಹೆಣ್ಣುಮಕ್ಕಳಿಲ್ಲ ಅಂತ ಹೇಳಲು ಬೇಸರವಾಗುತ್ತದೆ, ಮೂವರು ಗಂಡುಮಕ್ಕಳು, 17, 9, 7 ವರ್ಷದವರು. ಗಡ್ಡದ ವಿಚಾರ ಹೇಳುವುದಾದರೆ, ಇಷ್ಟು ದಿನ ಬಿಡದವನು ಈಗ ಬಿಟ್ಟರೆ ಜನ ಏನೆಂದಾರು? ಅಷ್ಟೇ ಕಾಗದ. ಬಿಡುತ್ತೇನೆ ಅಂತ ಮಾತು ಕೊಡಲಿಲ್ಲ. ಆದರೆ ಗೆದ್ದ ಮೇಲೆ, 1861ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿಗೆ ಹೋಗುವ ದಾರಿಯಲ್ಲಿ ರೈಲು ವೆಸ್ಟ್‌ಫೀಲ್ಡಿನಲ್ಲಿ ನಿಂತಾಗ ಆ ಹುಡುಗಿಯನ್ನು ಕೇಳಿ ಕರೆಸಿಕೊಂಡರು. ಮುಖದಲ್ಲಿ ಗಡ್ಡ ಇತ್ತು.

ಮಗಳು ಇಂಗ್ಲಿಷಿನಲ್ಲಿ ಓದಿದಳು, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. "ಹೆಂಗಸರು ಗಂಡಂದಿರ ಹತ್ತಿರ ಯಾಕೆ ಹಾಕಿಸ್ಬೇಕು? ಅವರೇ ಹಾಕಬಹುದಲ್ವಾ?" ಅಂತ ನಡುವೆ ಅವಳ ಪ್ರಶ್ನೆ. ಅಮೆರಿಕದಲ್ಲಿ ಹೆಂಗಸರ ಓಟಿನ ಹಕ್ಕು ಸಂವಿಧಾನಕ್ಕೆ ಸೇರಿದ್ದು 1920ರಲ್ಲಿ. ಲಿಂಕನ್ ಗಡ್ಡ ಬಿಟ್ಟು ಸುಮಾರು 60 ವರ್ಷ ಆದಮೇಲೆ. ಗ್ರೇಸಳ ಕಾಗದದ ಒಂದೇ ಸಾಲಿನಿಂದ ಇಷ್ಟು ದೂರ ಹೋಗಿ ಬಂದೆವು. ಅಪ್ಪ ಹೇಳಿದ್ದು ಇಷ್ಟೇ: "ಈ ಕಾಗದ ನಮ್ಮ ಸ್ಟಾಫ್ ರೂಮಿನಲ್ಲಿ ಇರಬೇಕಿತ್ತು."

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕಥೆ ಇನ್ನೂ ಕಷ್ಟ. ಚೆರಿ ಮರದ ಕಥೆ ನಮಗೆಲ್ಲ ಗೊತ್ತು. ಪುಟ್ಟ ಜಾರ್ಜ್ ಕೊಡಲಿಯಿಂದ ಅಪ್ಪನ ಮರ ಕಡಿದ, ಕೇಳಿದಾಗ ಸುಳ್ಳು ಹೇಳಲಿಲ್ಲ. ಮಗಳಿಗೆ ನಾಲ್ಕು ವರ್ಷವಿದ್ದಾಗ ಊಟ ಮಾಡಿಸುತ್ತಾ ಈ ಕಥೆಯನ್ನು ನಾನೇ ನಿಜ ಅಂತ ಹೇಳಿದ್ದೆ. ಅದು ಮೇಸನ್ ವೀಮ್ಸ್ ಅನ್ನುವ ಪಾದ್ರಿ ಬರೆದ ಜೀವನಚರಿತ್ರೆಯಲ್ಲಿದೆ. ಪುಸ್ತಕ ಬಂದದ್ದು ವಾಷಿಂಗ್ಟನ್ ತೀರಿಕೊಂಡ ಮರುವರ್ಷ, 1800ರಲ್ಲಿ. ಮರದ ಕಥೆ ಮೊದಲು ಅದರಲ್ಲಿ ಇರಲೂ ಇಲ್ಲ, 1806ರ ಮುದ್ರಣದಲ್ಲಿ ಸೇರಿಕೊಂಡಿತು. ಸುಳ್ಳು ಹೇಳಬೇಡ ಅಂತ ಕಲಿಸುವ ಕಥೆಯೇ ಕಟ್ಟುಕಥೆ ಅಂತ ಗೊತ್ತಾದಾಗ ನನಗೆ ನಗು ಬರಲಿಲ್ಲ. ಬೇಜಾರಾಯಿತು. ಮಗಳ ಹತ್ತಿರ ಹೋಗಿ, ಪುಟ್ಟಿ, ಅವತ್ತು ಹೇಳಿದ್ದು ನಿಜ ಅಲ್ಲ ಅಂದೆ.

ಅದಕ್ಕಿಂತ ದೊಡ್ಡ ವಿಷಯ ಆ ಮನೆಯ ಅಡುಗೆಕೋಣೆಯಲ್ಲಿದೆ. ವಾಷಿಂಗ್ಟನ್ ಮನೆಯಲ್ಲಿ ಹರ್ಕ್ಯುಲಿಸ್ ಅನ್ನುವ ಅಡುಗೆಯವರಿದ್ದರು. ತುಂಬಾ ಹೆಸರು ಮಾಡಿದ್ದ ಬಾಣಸಿಗ, ಆದರೆ ಗುಲಾಮ. 2016ರ ಜನವರಿಯಲ್ಲಿ ಅವರ ಬಗ್ಗೆ ಒಂದು ಮಕ್ಕಳ ಚಿತ್ರಪುಸ್ತಕ ಬಂತು. ಹರ್ಕ್ಯುಲಿಸ್ ಮತ್ತು ಮಗಳು ಸೇರಿಕೊಂಡು ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಕೇಕ್ ಮಾಡುವ ಕಥೆ. ಚಿತ್ರದಲ್ಲಿ ಅವರ ಮುಖದಲ್ಲೆಲ್ಲ ನಗು. ಜನ ಸಿಟ್ಟಾದರು. ಕೆಲವೇ ದಿನಗಳಲ್ಲಿ ಪ್ರಕಾಶಕರು ಪುಸ್ತಕವನ್ನು ವಾಪಸ್ ತೆಗೆದುಕೊಂಡರು. ಅವರು ಮಾಡಿದ್ದು ಸರಿ ಅನ್ನುವುದು ನನ್ನ ಅಭಿಪ್ರಾಯ. ಪದಗಳಲ್ಲಿ ಎಷ್ಟೇ ಎಚ್ಚರಿಕೆ ಇರಲಿ, ಓದು ಬಾರದ ಮಗು ನೋಡುವುದು ಆ ನಗುವನ್ನು. ಗುಲಾಮರಾಗಿದ್ದರೂ ಖುಷಿಯಾಗಿದ್ದರು ಅನ್ನುವುದು ಒಮ್ಮೆ ಮನಸ್ಸಿಗೆ ಇಳಿದರೆ, ಕೊನೆಯ ಪುಟದ ಸಣ್ಣ ಅಕ್ಷರ ಅದನ್ನು ಅಳಿಸಲಾರದು.

ನಿಜವಾಗಿ ನಡೆದದ್ದು ಏನು ಗೊತ್ತಾ? 1797ರ ಫೆಬ್ರವರಿ 22, ವಾಷಿಂಗ್ಟನ್ನರಿಗೆ 65 ತುಂಬಿದ ದಿನ. ಸರಿಯಾಗಿ ಆ ಹುಟ್ಟುಹಬ್ಬದ ದಿನವೇ ಹರ್ಕ್ಯುಲಿಸ್ ಅವರ ಮೌಂಟ್ ವರ್ನನ್ ಎಸ್ಟೇಟಿನಿಂದ ತಪ್ಪಿಸಿಕೊಂಡು ಹೋದರು. ಸ್ವಲ್ಪ ದಿನದ ಮೇಲೆ ಅಲ್ಲಿಗೆ ಬಂದಿದ್ದ ಫ್ರಾನ್ಸಿನ ರಾಜಮನೆತನದವರ ಸೇವಕ, ಹರ್ಕ್ಯುಲಿಸರ ಪುಟ್ಟ ಮಗಳನ್ನು ಕೇಳಿದ. ಅಪ್ಪನನ್ನು ಇನ್ನು ಯಾವತ್ತೂ ನೋಡಲು ಆಗುವುದಿಲ್ಲವಲ್ಲ, ಬೇಜಾರಿಲ್ಲವಾ ಅಂತ. ನನಗೆ ತುಂಬಾ ಸಂತೋಷ, ಅಪ್ಪ ಈಗ ಸ್ವತಂತ್ರ ಅಂದಳಂತೆ ಮಗು. ಅವಳಿಗೂ ಆರು ವರ್ಷ.

ಹರ್ಕ್ಯುಲಿಸ್ ತಪ್ಪಿಸಿಕೊಳ್ಳುವುದಕ್ಕೆ ಒಂಬತ್ತು ತಿಂಗಳು ಮುಂಚೆ, ಅಧ್ಯಕ್ಷರ ಹೆಂಡತಿಯ ಸೇವೆಗಿದ್ದ ಓನಾ ಜಡ್ಜ್ ಅನ್ನುವ ಹುಡುಗಿಯೂ ಫಿಲಡೆಲ್ಫಿಯಾದ ಮನೆಯಿಂದ ಹೊರಟುಹೋಗಿದ್ದಳು, ಮನೆಯವರು ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ. ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಅವಳನ್ನು ಹಿಡಿದು ತರಿಸಲು ವಾಷಿಂಗ್ಟನ್ ಪ್ರಯತ್ನ ಬಿಡಲಿಲ್ಲ. ಸಿಗಲಿಲ್ಲ. 1848ರಲ್ಲಿ ತೀರಿಕೊಳ್ಳುವವರೆಗೂ ಅವಳು ಸ್ವತಂತ್ರಳಾಗಿಯೇ ಬದುಕಿದಳು.

ಇದನ್ನೆಲ್ಲ ಹೇಳಿದರೆ ಮಕ್ಕಳಿಗೆ ವಾಷಿಂಗ್ಟನ್ ಮೇಲೆ ಗೌರವ ಹೋಗಿಬಿಡುತ್ತದೆ ಅಂತ ಕನ್ನಡ ಕೂಟದ ಗೆಳತಿಯೊಬ್ಬರು ನನಗೆ ಹೇಳಿದರು. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಯುದ್ಧ ಗೆದ್ದು, ಬೇಕಿದ್ದರೆ ರಾಜನಂತೆ ಕೂರಬಹುದಾಗಿದ್ದವನು ಎರಡು ಅವಧಿ ಮುಗಿಸಿ ಎದ್ದುಹೋದದ್ದು ದೊಡ್ಡದು ಅಂತ ಮಗಳಿಗೆ ಗೊತ್ತು. ಓನಾಳನ್ನು ಹುಡುಕಿಸಿದ್ದು ತಪ್ಪು ಅಂತಲೂ ಗೊತ್ತು. ಎರಡೂ ಒಬ್ಬನೇ ಮನುಷ್ಯ ಮಾಡಿದ್ದು ಅಂತ ಒಪ್ಪಿಕೊಳ್ಳಲು ಅವಳಿಗೆ ನನಗಿಂತ ಕಡಿಮೆ ಹೊತ್ತು ಸಾಕಾಯಿತು.

ರೋಸಾ ಪಾರ್ಕ್ಸ್ ಪುಸ್ತಕಗಳ ಬಗ್ಗೆಯೂ ಒಂದು ಮಾತು. ಕೆಲವು ಪುಸ್ತಕಗಳಲ್ಲಿ ಅವರನ್ನು ದಣಿದ ಮುದುಕಿಯ ಥರ ಬರೆದಿರುತ್ತಾರೆ. 1955ರ ಡಿಸೆಂಬರ್ 1ರಂದು ಮಾಂಟ್‌ಗಮರಿಯ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲು ಒಪ್ಪದೆ ಕೂತಾಗ ಅವರಿಗೆ 42. ಕಾಲು ನೋವಿಗೆ ಕೂತವರಲ್ಲ, ವರ್ಷಗಟ್ಟಲೆ ಹಕ್ಕುಗಳ ಹೋರಾಟದಲ್ಲಿ ಇದ್ದವರು. ಅದೇ ವರ್ಷ ಮಾರ್ಚಿನಲ್ಲಿ, ಅದೇ ಊರಿನಲ್ಲಿ, 15 ವರ್ಷದ ಕ್ಲಾಡೆಟ್ ಕೊಲ್ವಿನ್ ಕೂಡ ಸೀಟು ಬಿಡದೆ ಪೊಲೀಸರ ಕೈಗೆ ಸಿಕ್ಕಿದ್ದಳು. ಹಾಗೆಯೇ ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲರ್. ನೀರಿನ ಪಂಪಿನ ಹತ್ತಿರ ಟೀಚರ್ ಆನ್ ಸಲಿವನ್ ಅಂಗೈ ಮೇಲೆ ಅಕ್ಷರ ಬರೆದು ತೋರಿಸಿದ ದಿನಕ್ಕೆ ಎಷ್ಟೋ ಪುಸ್ತಕ ಮುಗಿದೇಹೋಗುತ್ತವೆ. ಆಗ ಆಕೆಗೆ ಏಳೂ ತುಂಬಿರಲಿಲ್ಲ. ಬದುಕಿದ್ದು 87 ವರ್ಷ!

"ನಮ್ಮ ಮಕ್ಕಳಿಗೆ ಕಿತ್ತೂರು ಚೆನ್ನಮ್ಮ ಗೊತ್ತಿರಬೇಕು, ಇವರ ಕಥೆ ಯಾಕೆ?" ಅಂತಲೂ ಕೇಳುತ್ತಾರೆ. ಚೆನ್ನಮ್ಮನ ಕಥೆಯನ್ನು ನಾನು ಹೇಳಿದ್ದೇನೆ. ಆದರೆ ಇವರ ಕಥೆ ಬೇರೆಯವರ ಕಥೆ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದಕ್ಕೆ ಕಪ್ಪು ಜನರ ಹಕ್ಕುಗಳಿಗೆ ಹೋರಾಡಿದ ಜಾನ್ ಲೂಯಿಸ್ ಕಥೆ ಹೇಳಬೇಕು.

ಅಲಬಾಮಾದ ಟ್ರಾಯ್ ಊರಿನ ಹತ್ತಿರ, ಹೊಲದ ಮನೆಯ ಹುಡುಗ. ಮನೆಯ ಕೋಳಿಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಮುಂದೆ ಪಾದ್ರಿಯಾಗಬೇಕು ಅಂತ ಆಸೆ, ಅದಕ್ಕೆ ಕೋಳಿಗಳಿಗೇ ಉಪದೇಶ ಮಾಡುತ್ತಿದ್ದ. ಈ ಚಿತ್ರ ಬಂದಾಗ ಮಗಳು ಪುಟ ತಿರುಗಿಸಲು ಬಿಡುವುದಿಲ್ಲ. ಒಂದೊಂದು ಕೋಳಿಯ ಮುಖವನ್ನೂ ನೋಡಿ, ಯಾವುದು ಕೇಳಿಸಿಕೊಳ್ಳುತ್ತಿದೆ, ಯಾವುದು ನಿದ್ದೆ ಮಾಡುತ್ತಿದೆ ಅಂತ ಹೇಳಬೇಕು. 1956ರಲ್ಲಿ, 16 ವರ್ಷದವನಿದ್ದಾಗ, ಆ ಹುಡುಗ ಒಡಹುಟ್ಟಿದವರ ಜೊತೆ ಊರಿನ ಸಾರ್ವಜನಿಕ ಲೈಬ್ರರಿಗೆ ಕಾರ್ಡು ಕೇಳಲು ಹೋದ. ಇದು ಬಿಳಿಯರಿಗೆ ಮಾತ್ರ ಅಂದರು. ವಾಪಸ್ ಬಂದ. ಮುಂದೆ ಅವರು ಓದಿದ ಪುಸ್ತಕಗಳಲ್ಲಿ ಒಂದು 16 ಪುಟದ ಕಾಮಿಕ್ಸ್ ಇತ್ತು. ಬೆಲೆ 10 ಸೆಂಟು. ಮಾರ್ಟಿನ್ ಲೂಥರ್ ಕಿಂಗ್ ಮತ್ತು ಮಾಂಟ್‌ಗಮರಿ ಬಸ್ ಬಹಿಷ್ಕಾರದ ಕಥೆ, ಅದರೊಳಗೆ ಗಾಂಧೀಜಿಯ ಚಿತ್ರಗಳೂ ಇವೆ. ಹೊಡೆದರೂ ತಿರುಗಿ ಹೊಡೆಯದೆ ಕೂರುವುದು ಹೇಗೆ ಅಂತ ಲೂಯಿಸ್‌ಗೆ ನ್ಯಾಶ್‌ವಿಲ್‌ನಲ್ಲಿ ಕಲಿಸಿಕೊಟ್ಟವರು ಜೇಮ್ಸ್ ಲಾಸನ್. ಅವರು ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧೀಜಿಯ ದಾರಿಯನ್ನು ಓದಿ ಬಂದವರು.

1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ, ಕಪ್ಪು ಜನರಿಗೆ ಓಟಿನ ಹಕ್ಕು ಕೇಳಿ ಹೊರಟ ಮೆರವಣಿಗೆಯಲ್ಲಿ, ಸೇತುವೆಯ ಮೇಲೆ ಪೊಲೀಸರು ಲೂಯಿಸ್‌ರ ತಲೆ ಒಡೆದರು. ಅದೇ ಆಗಸ್ಟಿನಲ್ಲಿ ಓಟಿನ ಹಕ್ಕಿನ ಕಾಯ್ದೆ ಬಂತು. ಅದೇ ಅಕ್ಟೋಬರ್ 3ರಂದು ಇನ್ನೊಂದು ಕಾಯ್ದೆಗೆ ಸಹಿ ಬಿತ್ತು, ವಲಸೆಯ ಕಾಯ್ದೆ. ಅಲ್ಲಿಯವರೆಗೆ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ 100 ಜನ. ಹುಟ್ಟಿದ ದೇಶ ನೋಡಿ ಅಳೆಯುವ ಆ ಪದ್ಧತಿಯನ್ನು 1965ರ ಕಾಯ್ದೆ ತೆಗೆದುಹಾಕಿತು. ನಮ್ಮ ಡಾಕ್ಟರುಗಳು, ಎಂಜಿನಿಯರುಗಳು ಬರತೊಡಗಿದ್ದು ಆಮೇಲೆ. ಬಣ್ಣ ನೋಡಿ ಅಳೆಯುವುದು ತಪ್ಪು ಅಂತ ಬೀದಿಯಲ್ಲಿ ನಿಂತು ಹೇಳಿದವರು ಇಲ್ಲದಿದ್ದರೆ ಆ ಬಾಗಿಲೂ ತೆರೆಯುತ್ತಿರಲಿಲ್ಲ. ಮಗಳಿಗೆ ಇದನ್ನು ಹೇಳಿದ್ದು ಲೈಬ್ರರಿಯಲ್ಲಿ, ಅವಳ ಕಾರ್ಡು ಕೌಂಟರ್ ಮೇಲೆ ಇದ್ದಾಗ. ಅವಳಿಗೆ ಅರ್ಥವಾದದ್ದು ಕೋಟಾ ಅಲ್ಲ, ಕಾರ್ಡು. "ಅವರಿಗೆ ಆಮೇಲೆ ಕೊಟ್ರಾ?" ಅಂದಳು. ಕೊಟ್ಟರು. 1998ರಲ್ಲಿ, ತಾವೇ ಬರೆದ ಪುಸ್ತಕಕ್ಕೆ ಸಹಿ ಹಾಕಿಕೊಡಲು ಅದೇ ಲೈಬ್ರರಿಗೆ ಹೋದಾಗ.

ಈಗ ಅವಳು ಮೂರನೇ ಕ್ಲಾಸು. ಇಲ್ಲಿನ ಶಾಲೆಗಳಲ್ಲಿ ವ್ಯಾಕ್ಸ್ ಮ್ಯೂಸಿಯಂ ಅಂತ ಒಂದು ದಿನ ಮಾಡುತ್ತಾರೆ. ಮಕ್ಕಳು ಒಬ್ಬೊಬ್ಬ ಪ್ರಸಿದ್ಧ ವ್ಯಕ್ತಿಯ ಜೀವನಚರಿತ್ರೆ ಓದಿ, ಅವರಂತೆ ವೇಷ ಹಾಕಿಕೊಂಡು ಮೇಣದ ಗೊಂಬೆಯ ಹಾಗೆ ನಿಲ್ಲಬೇಕು. ಮುಂದೆ ಕಾಗದದ ಬಟನ್. ನೋಡಲು ಬಂದವರು ಅದನ್ನು ಒತ್ತಿದರೆ ಗೊಂಬೆ ಮಾತಾಡುತ್ತದೆ. ಮಗಳು ಬಾರ್ಬರಾ ಹೆನ್ರಿ ಆಗುತ್ತೇನೆ ಅಂದಳು. ಟೀಚರ್ ಕೊಟ್ಟ ಪಟ್ಟಿಯಲ್ಲಿ ಆ ಹೆಸರಿರಲಿಲ್ಲ. ಅವಳೇ ಹೋಗಿ ಕೇಳಿದಳು, ಒಪ್ಪಿದರಂತೆ.

ಕಳೆದ ಭಾನುವಾರ ಅಪ್ಪನ ಮುಂದೆ ಪ್ರಾಕ್ಟೀಸು. ನನ್ನ ಕೋಟು ಅವಳ ಮೊಣಕಾಲು ದಾಟಿತ್ತು. ಕೈಯಲ್ಲಿ ಸೀಮೆಸುಣ್ಣ. ಅಪ್ಪ ಫೋನಿನ ಆ ಕಡೆಯಿಂದ "ಒತ್ತಿದೆ" ಅಂದರು. ಅವಳು ಶುರು ಮಾಡಿದಳು. ನಾನು ಬಾಸ್ಟನ್ನಿನವಳು, ನನ್ನ ಕ್ಲಾಸಿನಲ್ಲಿ ಒಂದೇ ಮಗು, ನಾವಿಬ್ಬರೇ ಹಾಡುತ್ತಿದ್ದೆವು, ನಾವಿಬ್ಬರೇ ಲೆಕ್ಕ ಮಾಡುತ್ತಿದ್ದೆವು. ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದರು, ಇನ್ಸ್‌ಪೆಕ್ಷನ್ನಿಗೆ ಬಂದವರ ಹಾಗೆ. ಮುಗಿದ ಮೇಲೆ ಕೇಳಿದರು, "ಒಂದೇ ಮಗು ಅಂತೀರಲ್ಲ ಮೇಡಂ, ಹಾಜರಿ ಕರೀತಿದ್ರಾ?"

"ಹಾಜರಿ ಅಂದ್ರೇನಮ್ಮಾ?" ಅಂತ ನನ್ನ ಕಡೆ ತಿರುಗಿದಳು. ಹೇಳಿದೆ. ಮತ್ತೆ ಫೋನಿನ ಕಡೆ ತಿರುಗಿ ನೆಟ್ಟಗೆ ನಿಂತಳು.

"ರೂಬಿ ಒಂದು ದಿನಾನೂ ತಪ್ಪಿಸಲಿಲ್ಲ ಅಜ್ಜಾ. ದಿನಾ ಬರ್ತಿದ್ಲು."

ಅಪ್ಪ ತಮ್ಮ ಮುಂದಿದ್ದ ದಿನಪತ್ರಿಕೆಯ ಅಂಚಿನಲ್ಲಿ ಪೆನ್ನಿನಿಂದ ಏನೋ ಗುರುತು ಹಾಕಿಕೊಂಡರು.